ಉಮೇದುವಾರನೂ ಸಂದರ್ಶನವೂ



ಯಾವುದಾದರೊಂದು ದೊಡ್ಡ ಕಚೇರಿಯ ಪಡಸಾಲೆಯಲ್ಲಿ, ಬೆಳಗಿನ ಹತ್ತು ಗಂಟೆಯ ವೇಳೆಗೆ, ಉದ್ದನೆಯ ಬೆಂಚಿನ ಮೇಲೆ ಏಳೆಂಟು ಮಂದಿ ತರುಣ ತರುಣಿಯರು ಸಾಲಾಗಿ ಕುಳಿತಿರುವುದನ್ನು ನೀವು ನೋಡಿರಬಹುದು. ಮೈಮೇಲೆ ಇಸ್ತ್ರಿ ಮಾಡಿದ ಬಟ್ಟೆ; ತೊಡೆಯ ಮೇಲೆ ಸರ್ಟಿಫಿಕೇಟುಗಳ ಕಟ್ಟು. ಒಬ್ಬರೊಡನೊಬ್ಬರು ಹೆಚ್ಚಾಗಿ ಮಾತನಾಡುವುದಿಲ್ಲ, ಆಡಿದರೂ ಅದು "ಗಂಟೆ ಎಷ್ಟಾಯಿತು?" ಎಂಬಲ್ಲಿಗೇ ನಿಲ್ಲುತ್ತದೆ. ಒಳಗಿನಿಂದ ಜವಾನನು ಬಂದು ಒಂದು ಹೆಸರನ್ನು ಕೂಗಿದೊಡನೆ ಎಂಟು ಎದೆಗಳೂ ಒಟ್ಟಿಗೆ ಹಾರುತ್ತವೆ. ಒಳಗೆ ಹೋದವರು ಹೊರಕ್ಕೆ ಬಂದಾಗ ಉಳಿದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: "ಏನು ಕೇಳಿದರು?"

ಇಪ್ಪತ್ತು ವರ್ಷಗಳ ಹಿಂದೆ ನಾನೂ ಅಂತಹ ಬೆಂಚುಗಳ ಮೇಲೆ ಕುಳಿತವನು. ಈಚೆಗೆ ಕೆಲವು ವರ್ಷಗಳಿಂದ ಒಳಗಿನ ಕುರ್ಚಿಯಲ್ಲಿಯೂ ಆಗಾಗ ಕುಳಿತಿದ್ದೇನೆ. ಬಾಗಿಲಿನ ಎರಡು ಕಡೆಗಳನ್ನೂ ಕಂಡವನೆಂಬ ಒಂದೇ ಅಧಿಕಾರದಿಂದ ಈ ದಿನ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಒಪ್ಪಿಕೊಂಡೆನು.

ಸಂದರ್ಶನವೆಂಬ ಶಬ್ದ ನಮಗೆ ಹೊಸದಲ್ಲ. ದೇವರ ಸಂದರ್ಶನ, ಗುರುಗಳ ಸಂದರ್ಶನ ಎಂದು ಹಿರಿಯರು ಹೇಳುತ್ತಿದ್ದರು. ಅಲ್ಲಿ ನೋಡುವವರು ನಾವು. ನೋಡಲ್ಪಡುವುದು ನಮಗಿಂತ ದೊಡ್ಡದು. ನೌಕರಿಯ ಸಂದರ್ಶನದಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ಇಲ್ಲಿಗೆ ನಾವು ಹೋಗುವುದು ನೋಡುವುದಕ್ಕಲ್ಲ, ನೋಡಿಸಿಕೊಳ್ಳುವುದಕ್ಕೆ. ನಮ್ಮ ಸಂಸಾರಗಳಲ್ಲಿ ಇದಕ್ಕೆ ಸಮನಾದುದು ಹೆಣ್ಣು ನೋಡುವ ಶಾಸ್ತ್ರವೊಂದೇ. ಅಲ್ಲಿಯೂ ಅರ್ಧ ಗಂಟೆಯಲ್ಲಿ ಒಂದು ಜೀವದ ಗುಣವನ್ನೆಲ್ಲಾ ಅಳೆದುಬಿಡುತ್ತೇವೆಂಬ ಸಾಹಸವುಂಟು. ವ್ಯತ್ಯಾಸವೆಂದರೆ ಇಲ್ಲಿ ಉಪ್ಪಿಟ್ಟು, ಕೇಸರಿಬಾತು ದೊರೆಯುವುದಿಲ್ಲ.

ಹಾಗಾದರೆ ಈ ಪದ್ಧತಿ ಏತಕ್ಕೆ ಬೇಕು? ಪರೀಕ್ಷೆ ಬರೆಯಿಸಿ ಅಂಕಗಳ ಮೇಲೆ ಕೆಲಸ ಕೊಟ್ಟರೆ ಸಾಲದೆ? ಇದು ಹಳೆಯ ಪ್ರಶ್ನೆ. ಹಿಂದೂದೇಶದ ಸಿವಿಲ್ ಸರ್ವಿಸಿಗೆ ೧೮೫೫ರಲ್ಲಿ ಲಂಡನ್ನಿನಲ್ಲಿ ಸ್ಪರ್ಧಾಪರೀಕ್ಷೆ ಆರಂಭವಾದಾಗ, ಅದಕ್ಕೆ ಮುಂಚೆ ಇದ್ದ ಶಿಫಾರಸ್ಸಿನ ಪದ್ಧತಿ ಹೋಯಿತೆಂದು ಅನೇಕರು ಸಂತೋಷಪಟ್ಟರು. ಆದರೆ ಬರವಣಿಗೆಯಿಂದ ಓದನ್ನು ಅಳೆಯಬಹುದೇ ಹೊರತು, ತಾಳ್ಮೆಯನ್ನೂ, ಸಮಯಕ್ಕೆ ಒದಗುವ ಬುದ್ಧಿಯನ್ನೂ, ಇತರರೊಡನೆ ಹೊಂದಿ ನಡೆಯುವ ಗುಣವನ್ನೂ ಪೂರ್ತಿಯಾಗಿ ಅಳೆಯಲಾಗುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸೈನ್ಯಕ್ಕೆ ಈ ಕಷ್ಟ ಪ್ರತ್ಯಕ್ಷವಾಯಿತು. ಒಳ್ಳೆಯ ಮನೆತನ, ಒಳ್ಳೆಯ ಉಚ್ಚಾರಣೆ ಇವುಗಳನ್ನು ನೋಡಿ ಆರಿಸಿದ ಅಧಿಕಾರಿಗಳಲ್ಲಿ ಎಷ್ಟೋ ಮಂದಿ ತರಬೇತಿನಲ್ಲಿಯೇ ಸೋತರು. ೧೯೪೨ರಲ್ಲಿ ಅಲ್ಲಿ ಮನಶ್ಶಾಸ್ತ್ರಜ್ಞರ ನೆರವಿನಿಂದ ಹೊಸ ಆಯ್ಕೆಮಂಡಲಿಗಳು ಏರ್ಪಟ್ಟವು. ನಮ್ಮ ದೇಶದ ಸೈನ್ಯಾಧಿಕಾರಿಗಳ ಆಯ್ಕೆಕ್ರಮ ಇಂದಿಗೂ ಆ ವಂಶದ್ದೇ.

ಮನಸ್ಸನ್ನು ಅಳೆಯುವ ಈ ವಿದ್ಯೆ ಮೈಸೂರಿಗೆ ಅಪರಿಚಿತವಲ್ಲ. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು.

ಇನ್ನು ಪ್ರಕೃತಕ್ಕೆ ಬರೋಣ. ಸಂದರ್ಶನಗಳೆಲ್ಲವೂ ಒಂದೇ ಜಾತಿಯವೆಂದು ತಿಳಿಯುವುದೇ ಉಮೇದುವಾರನ ಮೊದಲನೆಯ ತಪ್ಪು. ಮದುವೆಗೂ ಮುಂಜಿಗೂ ಒಂದೇ ಅಡಿಗೆಯಾಗಬಹುದು. ಕಮಿಷನ್ನಿಗೂ ಕಂಪೆನಿಗೂ ಒಂದೇ ಸಿದ್ಧತೆಯಾಗದು.

ಎಲ್ಲಕ್ಕಿಂತ ಮುಂಚೆ, ನೀವು ಬಯಸುವ ಕೆಲಸಕ್ಕೆ ಸಂದರ್ಶನವುಂಟೇ ಇಲ್ಲವೇ ಎಂಬುದನ್ನು ತಿಳಿದುಕೊಳ್ಳಿರಿ. ಕೇಂದ್ರ ಸರ್ಕಾರದ 'ಸಿ' ಮತ್ತು 'ಡಿ' ವರ್ಗದ ಹುದ್ದೆಗಳಿಗೂ, 'ಬಿ' ವರ್ಗದ ಗೆಜೆಟೆಡ್ ಅಲ್ಲದ ಹುದ್ದೆಗಳಿಗೂ ೨೦೧೬ನೆಯ ಜನವರಿ ೧ರಿಂದ ಸಂದರ್ಶನವನ್ನು ತೆಗೆದುಹಾಕಿದ್ದಾರೆ. ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತೆಯ ಕೆಲಸಕ್ಕೂ ಐಬಿಪಿಎಸ್ ಸಂಸ್ಥೆಯು ನಡೆಸುವ ಆಯ್ಕೆಯಲ್ಲಿ ಈಗ ಸಂದರ್ಶನವಿಲ್ಲ. ಇಷ್ಟನ್ನು ತಿಳಿಯದೆ, "ಸಂದರ್ಶನದಲ್ಲಿ ನಾನು ದಾಟಿಸಿಕೊಡುತ್ತೇನೆ" ಎಂದ ದಲ್ಲಾಳಿಯ ಕೈಗೆ ಹೊಲದ ಮೇಲೆ ಸಾಲವೆತ್ತಿ ಹಣ ಸುರಿಯುವ ತಂದೆತಾಯಿಗಳುಂಟು. ಇಲ್ಲದ ಬಾಗಿಲನ್ನು ತೆರೆಸುತ್ತೇನೆಂದು ಹೇಳುವವನು ಕಳ್ಳನೇ ಸರಿ. ಬಾಗಿಲು ಇರುವ ಕಡೆಯಲ್ಲಿಯೂ ಅವನು ಕಳ್ಳನೇ.

ಸಂದರ್ಶನಗಳಲ್ಲಿ ಅಗ್ರಸ್ಥಾನ ಯೂನಿಯನ್ ಪಬ್ಲಿಕ್ ಸರ್ವಿಸ್ ಕಮಿಷನ್ನಿನ ವ್ಯಕ್ತಿತ್ವ ಪರೀಕ್ಷೆಗೆ ಸಲ್ಲುತ್ತದೆ. ಸಿವಿಲ್ ಸರ್ವಿಸಸ್ ಮುಖ್ಯ ಪರೀಕ್ಷೆಯಲ್ಲಿ ಬರವಣಿಗೆಗೆ ೧,೭೫೦ ಅಂಕಗಳು, ಈ ಸಂಭಾಷಣೆಗೆ ೨೭೫, ಒಟ್ಟು ೨,೦೨೫. ಇದು ಪಾಟೀಸವಾಲಲ್ಲ, ಉದ್ದೇಶವುಳ್ಳ ಸಹಜವಾದ ಸಂಭಾಷಣೆ ಎಂದು ಕಮಿಷನ್ನಿನವರೇ ತಮ್ಮ ಪ್ರಕಟನೆಯಲ್ಲಿ ಹೇಳಿಕೊಂಡಿದ್ದಾರೆ. ಅವರು ಹುಡುಕುವುದು ಮನಸ್ಸಿನ ಎಚ್ಚರ, ತೂಗಿ ನೋಡುವ ವಿವೇಕ, ಸ್ಪಷ್ಟವಾದ ಮಾತು, ಪ್ರಾಮಾಣಿಕತೆ ಇವುಗಳನ್ನು. ಓದಿನ ಪರೀಕ್ಷೆ ಆಗಲೇ ಮುಗಿದಿದೆ. ಆದುದರಿಂದ ಇಲ್ಲಿ ಪುಸ್ತಕ ಅರ್ಜಿಯ ಕಾಗದವೇ. ಹುಟ್ಟಿದ ಊರು, ಓದಿದ ವಿಷಯ, ಮೊದಲು ಮಾಡಿದ ಕೆಲಸ, ಹವ್ಯಾಸ — ನೀವು ಬರೆದ ಒಂದೊಂದು ಶಬ್ದವೂ ಒಂದೊಂದು ಪ್ರಶ್ನೆಯ ಬೀಜ. ಮಂಡ್ಯದವರನ್ನು ಕಾವೇರಿಯ ವಿಷಯವಾಗಿಯೂ, ಚಿಕ್ಕಮಗಳೂರಿನವರನ್ನು ಕಾಫಿಯ ವಿಷಯವಾಗಿಯೂ ಕೇಳದೆ ಬಿಡುವುದು ಅಪರೂಪ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಈ ಸಂದರ್ಶನದಲ್ಲಿಯೂ ಕನ್ನಡದಲ್ಲಿ ಉತ್ತರ ಹೇಳಲು ಅವಕಾಶವುಂಟೆಂಬುದು ನಮ್ಮ ಹಳ್ಳಿಗಳ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು.

ಅರ್ಜಿಯಲ್ಲಿ ನಿಜವನ್ನೇ ಬರೆಯಬೇಕೆಂಬುದನ್ನು ನಾನು ಉಪದೇಶದಿಂದ ಕಲಿಯಲಿಲ್ಲ, ಅಪಮಾನದಿಂದ ಕಲಿತೆನು. ನನ್ನ ಮೊದಲನೆಯ ಸಂದರ್ಶನಕ್ಕೆ ಅರ್ಜಿ ತುಂಬುವಾಗ, ಗೆಳೆಯನೊಬ್ಬನ ಸಲಹೆಯಂತೆ, ಹವ್ಯಾಸವೆಂಬ ಕಡೆಯಲ್ಲಿ 'ಪಕ್ಷಿವೀಕ್ಷಣೆ' ಎಂದು ಬರೆದುಬಿಟ್ಟೆನು. ಕಾಗೆ, ಗುಬ್ಬಿ, ಪಾರಿವಾಳಗಳಾಚೆಗೆ ನನ್ನ ಪಾಂಡಿತ್ಯ ಹೋಗಿರಲಿಲ್ಲ. ಮಂಡಲಿಯಲ್ಲಿದ್ದ ವೃದ್ಧರೊಬ್ಬರು ಕಾಗದವನ್ನು ನೋಡಿ, ಕಿಟಕಿಯ ಕಡೆಗೆ ಕಿವಿಗೊಟ್ಟು, "ಅಲ್ಲಿ ಮಾವಿನ ಮರದಲ್ಲಿ ಕೂಗುತ್ತಿದೆಯಲ್ಲ, ಅದು ಯಾವುದಪ್ಪಾ?" ಎಂದು ಕೇಳಿದರು. ನಾನು ಧೈರ್ಯಮಾಡಿ, "ಕಾಜಾಣ, ಸಾರ್" ಎಂದೆನು. ಅವರು ಬಹಳ ಮೃದುವಾಗಿ, "ಅಲ್ಲಪ್ಪಾ, ಅದು ಅಳಿಲು" ಎಂದರು. ಆಮೇಲೆ ಅವರು ನನ್ನ ಶಾಸ್ತ್ರದಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲಾ ಸರಿಯಾದ ಉತ್ತರಗಳನ್ನೇ ಹೇಳಿದೆನು. ಆದರೆ ಅಳಿಲಿನ ವಿಷಯದಲ್ಲಿ ಸುಳ್ಳು ಹೇಳಿದವನ ಮಾತನ್ನು ಯಾರು ನಂಬಬೇಕು?

ಎರಡನೆಯ ಬಗೆ, ಸೈನ್ಯ, ನೌಕಾಬಲ, ವಾಯುಬಲಗಳ ಅಧಿಕಾರಿಗಳ ಆಯ್ಕೆ. ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಇದರ ಕೇಂದ್ರಗಳಿವೆ. ಇದು ಅರ್ಧ ಗಂಟೆಯ ಮಾತುಕತೆಯಲ್ಲ. ಬಹುಕಾಲದಿಂದ ಐದು ದಿನಗಳ ವಾಸವಾಗಿ ನಡೆದು ಬಂದಿರುವ ಕ್ರಮ. ಮೊದಲನೆಯ ದಿನವೇ ಒಂದು ಜರಡಿ. ಅದರಲ್ಲಿ ಉಳಿದವರಿಗೆ, ಅಸ್ಪಷ್ಟವಾದ ಚಿತ್ರಗಳನ್ನು ನೋಡಿ ಕಥೆ ಬರೆಯುವುದು. ಅರವತ್ತು ಶಬ್ದಗಳನ್ನು ಒಂದೊಂದಾಗಿ ತೋರಿಸಿದಂತೆ ತಲಾ ಹದಿನೈದು ಸೆಕೆಂಡುಗಳಲ್ಲಿ ಮನಸ್ಸಿಗೆ ಬಂದ ವಾಕ್ಯವನ್ನು ಬರೆಯುವುದು. ಅರವತ್ತು ಸನ್ನಿವೇಶಗಳಿಗೆ ಮೂವತ್ತು ನಿಮಿಷಗಳಲ್ಲಿ ಉತ್ತರ ಕೊಡುವುದು. ಬಳಿಕ ಬಯಲಿನಲ್ಲಿ ಹಲಗೆ, ಹಗ್ಗ, ಪೀಪಾಯಿಗಳನ್ನು ಕೊಟ್ಟು, ಎಲ್ಲರೂ ಸೇರಿ ಅಡ್ಡಿಯನ್ನು ದಾಟಿರೆನ್ನುತ್ತಾರೆ. ಮನಶ್ಶಾಸ್ತ್ರಜ್ಞರು, ಗುಂಪಿನ ಪರೀಕ್ಷಕರು, ಸಂದರ್ಶನಾಧಿಕಾರಿಗಳು ಈ ಮೂವರೂ ಬೇರೆ ಬೇರೆಯಾಗಿ ನೋಡಿ, ಕೊನೆಯ ದಿನ ಒಟ್ಟಿಗೆ ಕುಳಿತು ನಿರ್ಣಯಿಸುತ್ತಾರೆ. ಹದಿನೈದು ಸೆಕೆಂಡುಗಳಲ್ಲಿ ಗಿಳಿಪಾಠ ನೆನಪಿಗೆ ಬಾರದು; ಇರುವ ಮನಸ್ಸೇ ಹೊರಕ್ಕೆ ಬರುತ್ತದೆ. ಇದಕ್ಕೆ ಸಿದ್ಧತೆಯೆಂದರೆ ಆಟದ ಬಯಲು, ಗುಂಪಿನಲ್ಲಿ ಕೆಲಸ, ಮತ್ತು ಹಲಗೆಯ ಇನ್ನೊಂದು ತುದಿಯನ್ನು ಹಿಡಿದವನ ಮೇಲೆ ಸ್ವಲ್ಪ ಕಾಳಜಿ. ಇವು ವಾರದಲ್ಲಿ ಬರತಕ್ಕವಲ್ಲ. ಕಾಲೇಜಿನ ಮೊದಲನೆಯ ವರ್ಷದಿಂದಲೇ ಆರಂಭವಾಗಬೇಕು.

ಮೂರನೆಯದು ಬ್ಯಾಂಕಿನ ಅಧಿಕಾರಿಯ ಕೆಲಸ. ಐಬಿಪಿಎಸ್ ನಡೆಸುವ ಪ್ರೊಬೇಷನರಿ ಆಫೀಸರುಗಳ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆಗೆ ೮೦, ಸಂದರ್ಶನಕ್ಕೆ ೨೦ ಎಂಬ ಪ್ರಮಾಣದಲ್ಲಿ ತೂಕ ಕೊಡುತ್ತಾರೆ. ಇಲ್ಲಿ ಕೇಳುವುದು ಸಾಮಾನ್ಯವಾಗಿ ದಿನಬಳಕೆಯ ವಿಷಯ: ರೆಪೋ ದರ ಏರಿದರೆ ಮನೆಯ ಸಾಲಗಾರನಿಗೆ ಏನಾಗುತ್ತದೆ, ಚೆಕ್ಕಿಗೂ ಡ್ರಾಫ್ಟಿಗೂ ಏನು ಭೇದ, ಇಂಜಿನಿಯರಿಂಗ್ ಓದಿದ ನೀವು ಬ್ಯಾಂಕಿಗೆ ಏಕೆ ಬರುತ್ತೀರಿ. ಈ ಕೊನೆಯ ಪ್ರಶ್ನೆಗೆ 'ದೇಶಸೇವೆ' ಎಂದು ಉತ್ತರ ಹೇಳುವವರನ್ನು ಕೇಳಿ ಕೇಳಿ ಪರೀಕ್ಷಕರಿಗೆ ಬೇಸರವಾಗಿರುತ್ತದೆ. ನಿಮ್ಮ ಊರಿನ ಬ್ಯಾಂಕಿನ ಶಾಖೆಯಲ್ಲಿ ಎರಡು ದಿನ ಒಂದು ಮೂಲೆಯಲ್ಲಿ ನಿಂತು, ಯಾರು ಏತಕ್ಕೆ ಬರುತ್ತಾರೆ, ಏನು ತಿಳಿಯದೆ ತೊಳಲುತ್ತಾರೆ ಎಂಬುದನ್ನು ನೋಡಿದ್ದರೆ ಇದಕ್ಕಿಂತ ಒಳ್ಳೆಯ ಉತ್ತರ ತಾನಾಗಿ ಒದಗುತ್ತದೆ.

ನಾಲ್ಕನೆಯದು ಕಂಪೆನಿಗಳ ಸಂದರ್ಶನ. ಬೆಂಗಳೂರಿನ ಗಣಕಯಂತ್ರದ ಕಂಪೆನಿಗಳಲ್ಲಿ ಒಂದು ಲೆಕ್ಕವನ್ನು ಕೊಟ್ಟು, ಎದುರಿಗೇ ಬಿಡಿಸಿರೆನ್ನುತ್ತಾರೆ. ಅಲ್ಲಿ ಉತ್ತರದಷ್ಟೇ ಮುಖ್ಯವಾದದ್ದು ಉತ್ತರದ ದಾರಿ. ಮೌನವಾಗಿ ಹತ್ತು ನಿಮಿಷ ಯೋಚಿಸುವವನಿಗಿಂತ, "ಮೊದಲು ಹೀಗೆ ಮಾಡಿ ನೋಡುತ್ತೇನೆ, ಇದರಲ್ಲಿ ಈ ತೊಡಕಿದೆ" ಎಂದು ಬಾಯಿಬಿಟ್ಟು ಯೋಚಿಸುವವನಿಗೆ ಅನುಕೂಲ ಹೆಚ್ಚು. ಇದಲ್ಲದೆ, "ಜೊತೆಗಾರನೊಡನೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ?" ಎಂಬಂತಹ, ನಡತೆಯನ್ನು ಕುರಿತ ಪ್ರಶ್ನೆಗಳುಂಟು. ಹೊಸದಾಗಿ ಓದು ಮುಗಿಸಿದವರು, "ನನಗೇನು ಅನುಭವವಿದೆ?" ಎಂದು ಕಂಗೆಡುತ್ತಾರೆ. ಹಾಸ್ಟೆಲಿನಲ್ಲಿ ಊಟದ ಲೆಕ್ಕ ನೋಡಿಕೊಳ್ಳುತ್ತಿದ್ದಾಗ ಒಂದು ತಿಂಗಳು ಅಕ್ಕಿಯ ಲೆಕ್ಕ ತಪ್ಪಿತೇ? ಅದೇ ಅನುಭವ. ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಯಾವುದು, ನೀವು ಏನು ಮಾಡಿದಿರಿ, ಫಲವೇನಾಯಿತು — ಈ ನಾಲ್ಕು ಮೆಟ್ಟಿಲುಗಳಲ್ಲಿ ಎರಡು ನಿಮಿಷದೊಳಗೆ ಹೇಳಿದರೆ ಉತ್ತರ ಪೂರ್ಣವಾಗುತ್ತದೆ. ಇಂತಹ ನಾಲ್ಕೈದು ನಿಜವಾದ ಪ್ರಸಂಗಗಳನ್ನು ಮೊದಲೇ ನೆನಪಿಗೆ ತಂದುಕೊಂಡಿರಬೇಕು.

ಐದನೆಯದು ಮುಖ ಕಾಣದ ಅಥವಾ ಅರ್ಧ ಕಾಣುವ ಸಂದರ್ಶನ. ಟೆಲಿಫೋನಿನ ಮೂಲಕ, ವಿಡಿಯೋ ಮೂಲಕ ನಡೆಯತಕ್ಕದ್ದು. ರೇಡಿಯೋದಲ್ಲಿ ಮಾತನಾಡುವವನಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ಈಗ ನೀವು ತಲೆದೂಗುತ್ತಿದ್ದೀರೋ ತೂಕಡಿಸುತ್ತಿದ್ದೀರೋ ನನಗೆ ಕಾಣದು. ಅಂತಹ ಕಡೆ ನಿಧಾನವಾಗಿ ಮಾತನಾಡಬೇಕು. ವಾಕ್ಯ ಮುಗಿದ ಮೇಲೆ ಒಂದು ಕ್ಷಣ ನಿಲ್ಲಬೇಕು. ಯಂತ್ರವನ್ನು ಹಿಂದಿನ ದಿನವೇ ಪರೀಕ್ಷಿಸಿರಬೇಕು. ಮನೆಯವರಿಗೂ ಮೊದಲೇ ತಿಳಿಸಿರಬೇಕು. ಇಲ್ಲದಿದ್ದರೆ ನೀವು ಸಂಬಳದ ವಿಷಯವನ್ನು ಮಾತನಾಡುವ ಹೊತ್ತಿಗೆ ಸರಿಯಾಗಿ ಅಡಿಗೆಮನೆಯ ಕುಕ್ಕರು ಕೂಗುತ್ತದೆ.

ಆರನೆಯದು ಅಧ್ಯಾಪಕರ ಆಯ್ಕೆ. ಇದರಲ್ಲಿ ನನ್ನ ಪಾಲೂ ಇರುವುದರಿಂದ ಒಂದು ಸಂಗತಿಯನ್ನು ನಾನು ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಹಂಗಾಮಿ ಉಪನ್ಯಾಸಕರನ್ನು ಆರಿಸುವ ಮಂಡಲಿಯಲ್ಲಿ ನಾನು ಒಬ್ಬ ಸದಸ್ಯನಾಗಿದ್ದೆನು. ಹಳ್ಳಿಯ ಕಡೆಯಿಂದ ಬಂದ ತರುಣರೊಬ್ಬರ ಅಂಕಗಳು ಎಲ್ಲರಿಗಿಂತ ಮೇಲಾಗಿದ್ದವು. ನಾವು ಇಂಗ್ಲಿಷಿನಲ್ಲಿ, ಹಣದುಬ್ಬರವೆಂದರೇನೆಂದು ಕೇಳಿದೆವು. ಅವರು ಎರಡು ವಾಕ್ಯಗಳನ್ನು ಹೇಳಿ ತಡವರಿಸಿದರು, ಮೂರನೆಯದರಲ್ಲಿ ನಿಂತುಬಿಟ್ಟರು, ಹಣೆ ಬೆವರಿತು. ಮುಂದೆ ಬಂದ ಇನ್ನೊಬ್ಬರ ಮಾತು ನೀರು ಹರಿದಂತಿತ್ತು. ನಾವು ಹೆಚ್ಚು ಚರ್ಚಿಸದೆ ಅವರನ್ನೇ ಆರಿಸಿದೆವು. ಅವರು ಎರಡು ತಿಂಗಳು ಪಾಠ ಮಾಡಿ, ಹೆಚ್ಚಿನ ಸಂಬಳ ಸಿಕ್ಕ ಕಡೆಗೆ ಹೊರಟುಹೋದರು. ಅದು ತಪ್ಪಲ್ಲ.

ಮರುವರ್ಷ ನಾನು ನೆಂಟರ ಮನೆಯ ಸಮಾರಂಭಕ್ಕೆಂದು ಒಂದು ಹಳ್ಳಿಗೆ ಹೋಗಿದ್ದೆನು. ಸಾಯಂಕಾಲ ಸಹಕಾರ ಸಂಘದ ಕಟ್ಟಡದ ಪಕ್ಕದಲ್ಲಿ ನಡೆದು ಬರುವಾಗ ಒಳಗೆ ಪಾಠ ನಡೆಯುತ್ತಿತ್ತು. ಪಿ.ಯು.ಸಿ. ಮಕ್ಕಳು ಇಪ್ಪತ್ತು ಮಂದಿ. ಹಿಂದೆ ಗೋಡೆಗೊರಗಿ ನಾಲ್ಕೈದು ಮಂದಿ ರೈತರು. ಕಪ್ಪುಹಲಗೆಯ ಮುಂದೆ ನಿಂತಿದ್ದವರು ಅದೇ ತರುಣರು. ತಾತನ ಕಾಲದ ನೂರು ರೂಪಾಯಿಗೆ ಎಷ್ಟು ತೆಂಗಿನಕಾಯಿ ಬರುತ್ತಿತ್ತು, ಈಗ ಎಷ್ಟು ಬರುತ್ತದೆ, ಕಾಯಿ ಮಾರುವವನಿಗೂ ಕೊಳ್ಳುವವನಿಗೂ ಇದರಿಂದ ಏನೇನು ಆಗುತ್ತದೆ, ಪೆಟ್ಟಿಗೆಯಲ್ಲಿಟ್ಟ ಹಣ ಹೇಗೆ ಕರಗುತ್ತದೆ ಎಂದು ಅವರು ಕನ್ನಡದಲ್ಲಿ ವಿವರಿಸುತ್ತಿದ್ದರು. ಹಿಂದೆ ಕುಳಿತಿದ್ದ ಮುದುಕರೊಬ್ಬರು ಪ್ರಶ್ನೆ ಕೇಳಿದರು. ಆ ಪ್ರಶ್ನೆಯಿಂದಲೇ ಅವರು ಮುಂದಿನ ಪಾಠವನ್ನು ಹೊರಡಿಸಿದರು. ನಾನು ಹೊರಗೆ ನಿಂತು ಅರ್ಧ ಗಂಟೆ ಕೇಳಿದೆನು. ಹಣದುಬ್ಬರದ ಮೇಲೆ ಅಷ್ಟು ಒಳ್ಳೆಯ ಪಾಠವನ್ನು ನಾನು ಯಾವ ಕಾಲೇಜಿನಲ್ಲಿಯೂ ಕೇಳಿರಲಿಲ್ಲ.

ಅವರು ನನ್ನನ್ನು ಗುರುತಿಸಿದರು. ಟೀ ತರಿಸಿದರು. ಮಾತಿನಲ್ಲಿ ಸ್ವಲ್ಪವೂ ಕಹಿಯಿರಲಿಲ್ಲ. ಹೊರಡುವಾಗ ಮಾತ್ರ ಮೆಲ್ಲನೆ ಕೇಳಿದರು: "ಸಾರ್, ಆ ದಿನ ನಾನು ಎಲ್ಲಿ ತಪ್ಪಿದೆ ಅಂತ ಹೇಳ್ತೀರಾ? ತಿದ್ದಿಕೊಳ್ಳೋಣ ಅಂತ." ನನ್ನ ಹತ್ತಿರ ಉತ್ತರವಿರಲಿಲ್ಲ. ಅವರ ಹೆಸರಿನ ಮುಂದೆ ನಾವು ಒಂದು ಸಂಖ್ಯೆಯನ್ನು ಬರೆದಿದ್ದೆವು, ಕಾರಣವನ್ನು ಬರೆದಿರಲಿಲ್ಲ.

ಆ ರಾತ್ರಿ ನಾನು ಯೋಚಿಸಿದುದರಲ್ಲಿ ತಪ್ಪು ಎರಡು ಪಾಲಾಗಿ ಒಡೆಯಿತು. ಒಂದು ಪಾಲು ಅವರದು. ತಿಳಿದುದನ್ನು ಬಾಯಿಬಿಟ್ಟು ಹೇಳಿ ಅವರು ಅಭ್ಯಾಸ ಮಾಡಿರಲಿಲ್ಲ. ಓದುವುದು ಬೇರೆ, ಹೇಳುವುದು ಬೇರೆ. ಬಾವಿಯಲ್ಲಿ ನೀರಿದ್ದರೆ ಸಾಲದು. ಹಗ್ಗ, ಬಿಂದಿಗೆಗಳೂ ಬೇಕು. ದಿನಕ್ಕೊಂದು ಪ್ರಶ್ನೆಯನ್ನು ತೆಗೆದುಕೊಂಡು, ಗೆಳೆಯನೆದುರಿಗೋ ತಂಗಿಯೆದುರಿಗೋ ಗಟ್ಟಿಯಾಗಿ ಎರಡು ನಿಮಿಷ ಉತ್ತರ ಹೇಳುವುದನ್ನು ಒಂದು ತಿಂಗಳು ಮಾಡಿದ್ದರೆ ಆ ಬೆವರು ಬರುತ್ತಿರಲಿಲ್ಲ. ಇಂಗ್ಲಿಷು ತಡೆದಾಗ, "ಅಪ್ಪಣೆಯಾದರೆ ಕನ್ನಡದಲ್ಲಿ ಹೇಳುತ್ತೇನೆ" ಎಂದು ಕೇಳುವ ಧೈರ್ಯವನ್ನೂ ಯಾರೂ ಅವರಿಗೆ ಕಲಿಸಿರಲಿಲ್ಲ. ತಿಳಿಯದ ಪ್ರಶ್ನೆಗೆ "ತಿಳಿಯದು" ಎನ್ನುವುದು ಹೇಗೆ ಅಪಮಾನವಲ್ಲವೋ, ಹಾಗೆಯೇ ಇದೂ ಅಪಮಾನವಲ್ಲ.

ಇನ್ನೊಂದು ಪಾಲು, ದೊಡ್ಡ ಪಾಲು, ನಮ್ಮದು. ಪಾಠ ಹೇಳುವವರನ್ನು ಆರಿಸಲು ಕುಳಿತ ನಾವು ಪಾಠವನ್ನೇ ಹೇಳಿಸಲಿಲ್ಲ. ಬಡಗಿಯನ್ನು ಗೊತ್ತುಮಾಡುವಾಗ ಅವನ ಭಾಷಣವನ್ನು ಕೇಳುವವರುಂಟೇ? ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆಯನ್ನು ಬಾಯಿಗೆ ಬಂದಂತೆ ಕೇಳಿ, ಮನಸ್ಸಿಗೆ ಹಿಡಿಸಿದವರನ್ನು ಆರಿಸಿದೆವು. ಈ ವಿಷಯದಲ್ಲಿ ಶಾಸ್ತ್ರಜ್ಞರು ಬಹಳ ಹಿಂದೆಯೇ ನಮ್ಮನ್ನು ಎಚ್ಚರಿಸಿದ್ದಾರೆ. ಫ್ರಾಂಕ್ ಶ್ಮಿಟ್, ಜಾನ್ ಹಂಟರ್ ಎಂಬ ಅಮೆರಿಕದ ವಿದ್ವಾಂಸರು ಎಂಬತ್ತೈದು ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ೧೯೯೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕ್ರಮಬದ್ಧವಾದ ಸಂದರ್ಶನವು ಸಡಿಲವಾದ ಮಾತುಕತೆಗಿಂತ ಮುಂದಿನ ಕೆಲಸವನ್ನು ಚೆನ್ನಾಗಿ ಊಹಿಸುತ್ತದೆಂದು ತೋರಿಸಿದರು. ೨೦೨೨ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಅವರ ಸಂಗಡಿಗರು ಆ ಲೆಕ್ಕಗಳನ್ನು ಮತ್ತೆ ತಿದ್ದಿ ನೋಡಿದಾಗಲೂ ಕ್ರಮಬದ್ಧ ಸಂದರ್ಶನವೇ ಎಲ್ಲಕ್ಕಿಂತ ಮೇಲೆ ನಿಂತಿತು. ಕ್ರಮವೆಂದರೆ ದೊಡ್ಡದೇನಲ್ಲ: ಎಲ್ಲರಿಗೂ ಅವೇ ಪ್ರಶ್ನೆಗಳು, ಕೆಲಸಕ್ಕೆ ಸಂಬಂಧಪಟ್ಟ ಪ್ರಶ್ನೆಗಳು, ಒಳ್ಳೆಯ ಉತ್ತರ ಯಾವುದೆಂಬುದರ ಮೊದಲೇ ಬರೆದಿಟ್ಟ ಅಳತೆ, ಮತ್ತು ಒಬ್ಬರನ್ನೊಬ್ಬರು ನೋಡದೆ ಸದಸ್ಯರು ಹಾಕುವ ಅಂಕಗಳು. ಉಮೇದುವಾರನಿಗೆ ಒಂದು ತಿಂಗಳ ಸಿದ್ಧತೆ ಬೇಕಾದರೆ ಪರೀಕ್ಷಕನಿಗೆ ಒಂದು ದಿನದ ಸಿದ್ಧತೆಯಾದರೂ ಬೇಡವೇ?

ಹಳ್ಳಿಯಿಂದ ಬಂದ ಮೇಲೆ ನಾನು ಅವರಿಗೆ ಒಂದು ಕಾಗದ ಬರೆದೆನು. ಈಗ ನಿಮಗೆ ಹೇಳಿದುದನ್ನೇ ಅದರಲ್ಲಿ ಬರೆದು, ನಮ್ಮ ಪಾಲಿನ ತಪ್ಪನ್ನು ಒಪ್ಪಿಕೊಂಡೆನು. ಅಂದಿನಿಂದ ನಾನು ಕುಳಿತ ಯಾವ ಮಂಡಲಿಯಲ್ಲಿಯೂ ಹತ್ತು ನಿಮಿಷ ಪಾಠ ಹೇಳಿಸದೆ, ಕಾರಣವನ್ನು ಬರೆಯದೆ, ಯಾರ ಹೆಸರಿನ ಮುಂದೆಯೂ ಅಂಕ ಹಾಕಿಲ್ಲ. ಅವರಿಗೆ ಮುಂದಿನ ವರ್ಷ ಕೆಲಸ ಸಿಕ್ಕಿತು, ನಮ್ಮಲ್ಲಿ ಅಲ್ಲ. ಆ ನಷ್ಟ ನಮ್ಮದು.

ತರುಣ ಮಿತ್ರರೇ, ಬೆಂಚಿನ ಮೇಲೆ ಕುಳಿತಾಗ ಇಷ್ಟನ್ನು ನೆನಪಿನಲ್ಲಿಡಿರಿ. ಒಳಗಿರುವವರೂ ಒಮ್ಮೆ ಆ ಬೆಂಚಿನ ಮೇಲೆ ಕುಳಿತವರೇ, ಅವರೂ ತಪ್ಪುವವರೇ. ನಿಮ್ಮ ಪಾಲಿನ ಸಿದ್ಧತೆಯನ್ನು ಪೂರ್ತಿಯಾಗಿ ಮಾಡಿರಿ: ಅರ್ಜಿಯಲ್ಲಿ ನಿಜ, ಕೆಲಸದ ವಿಷಯದಲ್ಲಿ ತಿಳಿವಳಿಕೆ, ಬಾಯಿಬಿಟ್ಟು ಅಭ್ಯಾಸ, ಶುಭ್ರವಾದ ಬಟ್ಟೆ, ಅರ್ಧ ಗಂಟೆ ಮುಂಚೆ ಹಾಜರಿ. ಅದಾದಮೇಲೆ ಬರುವ ತೀರ್ಪು ಆ ದಿನದ ಅರ್ಧ ಗಂಟೆಯ ಮೇಲಿನ ತೀರ್ಪೇ ಹೊರತು ನಿಮ್ಮ ಮೇಲಿನ ತೀರ್ಪಲ್ಲ. ಹೊರಗೆ ಬಂದಾಗ ಬೆಂಚಿನಲ್ಲಿ ಉಳಿದವರು "ಏನು ಕೇಳಿದರು?" ಎಂದರೆ ಮರೆಮಾಡದೆ ಹೇಳಿರಿ. ಅವರೂ ನಿಮ್ಮ ಹಾಗೆ ಮುಂಜಾನೆಯ ಬಸ್ಸಿಗೆ ಎದ್ದು ಬಂದವರು.